ಕತ್ತಿಯಿಲ್ಲದೆ ಪಟ್ಟವೇರಿದವನು: ಚಕ್ರವರ್ತಿ ಗೊ-ತೋಬಾನ ಬದುಕು ಮತ್ತು ಆಳ್ವಿಕೆ

ಜಪಾನಿನ 82ನೆಯ ಚಕ್ರವರ್ತಿಯನ್ನು ನಾವು ಗೊ-ತೋಬಾ ಎಂದು ಓದುತ್ತೇವೆ. ಆದರೆ ಅವನು ಬದುಕಿದ್ದಾಗ ಯಾರೂ ಅವನನ್ನು ಆ ಹೆಸರಿನಿಂದ ಕರೆದದ್ದಿಲ್ಲ. ಚಕ್ರವರ್ತಿಗಳಿಗೆ ಸತ್ತ ನಂತರ ಹೆಸರಿಡುವುದು ಅಲ್ಲಿನ ಪದ್ಧತಿ. 1239ರಲ್ಲಿ ಅವನು ತೀರಿಕೊಂಡಾಗ ಮೊದಲು ಇಟ್ಟ ಹೆಸರು ಕೆಂತೋಕು. 1242ರಲ್ಲಿ ಅದನ್ನು ಬದಲಿಸಿ ಗೊ-ತೋಬಾ ಎಂದರು. ‘ಗೊ’ ಎಂದರೆ ನಂತರದವನು. ತೋಬಾ ಎಂಬ ಚಕ್ರವರ್ತಿ ಅವನ ಮುತ್ತಜ್ಜ. ಈ ಕಾಲದ ಹೆಸರುಗಳಲ್ಲಿ ಗೊ-ಶಿರಕಾವಾ, ಗೊ-ತೋಬಾ, ಗೊ-ಹೊರಿಕಾವಾ ಎಂದು ‘ಗೊ’ಗಳ ಸಾಲೇ ಬರುವುದರಿಂದ ಮೊದಮೊದಲು ಓದುವವರಿಗೆ ತಲೆ ಗೊಂದಲವಾಗುವುದು ಸಹಜ, ಅರ್ಥ ತಿಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಅವನು ಹುಟ್ಟಿದ್ದು 1180ರಲ್ಲಿ, ತೈರಾ ಮತ್ತು ಮಿನಮೋತೊ ಎಂಬ ಎರಡು ಯೋಧ ಮನೆತನಗಳ ನಡುವೆ ಗೆಂಪೇ ಯುದ್ಧ ಹೊತ್ತಿಕೊಂಡ ವರ್ಷ. ಅವನು ಚಕ್ರವರ್ತಿ ತಕಾಕುರಾನ ನಾಲ್ಕನೆಯ ಮಗ. ಸಿಂಹಾಸನದ ಮೇಲೆ ಆಗಲೇ ಅವನ ಮಲ ಅಣ್ಣ ಅಂತೋಕು ಎಂಬ ಮಗು ಕುಳಿತಿತ್ತು, ಆ ಮಗುವಿನ ತಾಯಿ ತೈರಾ ಮನೆಯವಳು. 1183ರಲ್ಲಿ ಮಿನಮೋತೊ ಪಕ್ಷದ ದಂಡು ಕ್ಯೋತೋ ಮೇಲೆ ಬಂದಾಗ ತೈರಾಗಳು ಬಾಲಕ ಅಂತೋಕುವನ್ನೂ, ಅವನೊಂದಿಗೆ ಕನ್ನಡಿ, ಕತ್ತಿ, ಮಣಿ ಎಂಬ ಮೂರು ಪವಿತ್ರ ರಾಜಲಾಂಛನಗಳನ್ನೂ ಎತ್ತಿಕೊಂಡು ಪಶ್ಚಿಮಕ್ಕೆ ಓಡಿದರು. ರಾಜಧಾನಿಯಲ್ಲಿ ಚಕ್ರವರ್ತಿಯೇ ಇಲ್ಲದಂತಾಯಿತು. ಆಗ ಅಜ್ಜ ಗೊ-ಶಿರಕಾವಾ, ನಿವೃತ್ತ ಚಕ್ರವರ್ತಿಯಾಗಿದ್ದರೂ ನಿಜವಾದ ಹಿರಿಯನಾಗಿದ್ದವನು, ಮೊಮ್ಮಕ್ಕಳಲ್ಲಿ ಒಬ್ಬನನ್ನು ಆರಿಸಲು ಹೊರಟ. ಒಬ್ಬ ಹುಡುಗ ಅಜ್ಜನನ್ನು ಕಂಡು ಅತ್ತು ರಂಪ ಮಾಡಿದನೆಂದೂ, ಇನ್ನೊಬ್ಬ ಕರೆದೊಡನೆ ಬಂದು ಮಡಿಲಲ್ಲಿ ಕೂತನೆಂದೂ, ಹಾಗಾಗಿ ಆ ಎರಡನೆಯವನಿಗೇ ಪಟ್ಟ ಸಿಕ್ಕಿತೆಂದೂ ತೈರಾಗಳ ಕಥೆ ಹೇಳುವ ಪುರಾತನ ಗ್ರಂಥದಲ್ಲಿದೆ. ಅದು ಕಥನವೇ ಇರಬಹುದು. ಆದರೆ ಪಟ್ಟ ಕಟ್ಟಿದ್ದು ಮೂರು ವರ್ಷ ತುಂಬಿದ ಕೂಸಿಗೆ, ಲಾಂಛನಗಳಿಲ್ಲದೆ, ಕೇವಲ ಅಜ್ಜನ ಆಜ್ಞಾಪತ್ರದ ಬಲದಿಂದ ಎಂಬುದು ಇತಿಹಾಸ.

ಪಶ್ಚಿಮದಲ್ಲಿ ಅಂತೋಕು ಇನ್ನೂ ಬದುಕಿದ್ದರಿಂದ ಸುಮಾರು ಎರಡು ವರ್ಷ ಜಪಾನಿಗೆ ಇಬ್ಬರು ಚಕ್ರವರ್ತಿಗಳಿದ್ದರು. ವಂಶಾವಳಿಯ ಪಟ್ಟಿಗಳಲ್ಲಿ ಅಂತೋಕುವಿನ ಆಳ್ವಿಕೆ 1185ಕ್ಕೆ ಮುಗಿಯುವುದೂ ಗೊ-ತೋಬಾನದು 1183ಕ್ಕೇ ಆರಂಭವಾಗುವುದೂ ಮುದ್ರಣದೋಷವಲ್ಲ. 1185ರ ವಸಂತದಲ್ಲಿ ದಾನ್-ನೊ-ಉರಾದ ಕಡಲ ಕಾಳಗದಲ್ಲಿ ತೈರಾಗಳು ಸೋತರು. ಅಜ್ಜಿ ಅಂತೋಕುವನ್ನು ಅಪ್ಪಿಕೊಂಡು ನೀರಿಗೆ ಹಾರಿದಳು. ಕನ್ನಡಿಯೂ ಮಣಿಯೂ ಮರಳಿ ಸಿಕ್ಕವು. ಕತ್ತಿ ಮಾತ್ರ ಸಮುದ್ರದ ಪಾಲಾಯಿತು.

ಈ ಕಳೆದುಹೋದ ಕತ್ತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಬೇಕೆಂದು ನನಗೆ ಅನ್ನಿಸುತ್ತದೆ. 1212ರಲ್ಲಿ, ಅಂದರೆ ಅದು ಮುಳುಗಿ 27 ವರ್ಷವಾದ ಮೇಲೂ, ಅದನ್ನು ಹುಡುಕಲು ಫುಜಿವಾರಾ ಹಿದೆಯೋಶಿ ಎಂಬ ಅಧಿಕಾರಿಯನ್ನು ಗೊ-ತೋಬಾ ಪಶ್ಚಿಮಕ್ಕೆ ಕಳುಹಿಸಿದ. ಬಿಜೆನ್, ಬಿಚ್ಚೂ, ಕ್ಯೋತೋದ ಅವಾತಗುಚಿ ಮುಂತಾದ ಕಡೆಗಳ ಹೆಸರಾಂತ ಕಮ್ಮಾರರನ್ನು ತಿಂಗಳ ಸರದಿಯಂತೆ ಅರಮನೆಗೆ ಕರೆಸಿ ಕತ್ತಿ ಮಾಡಿಸಿದನೆಂದೂ, ಕುಲುಮೆಯ ಬಳಿ ನಿಂತು ತಾನೇ ಅಲಗಿಗೆ ಹದ ಕೊಟ್ಟನೆಂದೂ ಪರಂಪರೆ ಹೇಳುತ್ತದೆ. ಆ ಕತ್ತಿಗಳ ಮೇಲೆ ಸೇವಂತಿಗೆಯ ಗುರುತು ಕೆತ್ತಲಾಯಿತು. ಇಂದು ಜಪಾನಿನ ರಾಜಮನೆತನದ ಲಾಂಛನವಾಗಿರುವ ಸೇವಂತಿಗೆ, ಅವನು ಆ ಹೂವಿನ ಮೇಲಿಟ್ಟ ಪ್ರೀತಿಯಿಂದಲೇ ಬಂದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಲಾಂಛನದ ಕೊರತೆಯೇ ಅವನ ಎಲ್ಲ ನಡೆಗಳಿಗೂ ಕಾರಣ ಎನ್ನುವುದು ಅತಿಯಾದೀತು. ಆದರೂ ತಾನು ಯಾರಿಗಿಂತಲೂ ಕಡಿಮೆಯಲ್ಲ ಎಂದು ಬದುಕಿಡೀ ತೋರಿಸಿಕೊಂಡವನ ಬಾಲ್ಯದಲ್ಲಿ ಇಂಥದೊಂದು ಕೊರತೆ ಇತ್ತೆಂಬುದನ್ನು ಮರೆಯಲಾಗದು.

ಅವನು ಸಿಂಹಾಸನದಲ್ಲಿ ಕುಳಿತ 1183ರಿಂದ 1198ರ ಅವಧಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲು ಅಜ್ಜನ ಕೈಯಲ್ಲಿ, 1192ರಲ್ಲಿ ಅಜ್ಜ ತೀರಿದ ಮೇಲೆ ಕುಜೋ ಕನೆಝಾನೆ ಎಂಬ ಮಂತ್ರಿಯ ಕೈಯಲ್ಲಿ, 1196ರಲ್ಲಿ ಅವನನ್ನು ಕೆಳಗಿಳಿಸಿದ ಮಿನಮೋತೊ ಮಿಚಿಚಿಕಾನ ಕೈಯಲ್ಲಿ ಆಡಳಿತ ಇತ್ತು. ಗೆಂಪೇ ಯುದ್ಧ ಗೆದ್ದ ಮಿನಮೋತೊ ಯೋರಿತೋಮೊ ಪೂರ್ವದ ಕಾಮಕುರಾದಲ್ಲಿ ಯೋಧರ ಸರ್ಕಾರ ಕಟ್ಟಿ, 1192ರಲ್ಲಿ ಶೋಗುನ್, ಅಂದರೆ ಯೋಧರ ಮಹಾನಾಯಕ, ಎಂಬ ಪದವಿ ಪಡೆದದ್ದು ಇದೇ ಅವಧಿಯಲ್ಲಿ.

ಇಲ್ಲಿ ಒಂದು ವ್ಯವಸ್ಥೆಯನ್ನು ತಿಳಿದುಕೊಳ್ಳದೆ ಮುಂದೆ ಹೋಗಲಾಗದು. 11ನೆಯ ಶತಮಾನದ ಕೊನೆಯಿಂದ ಜಪಾನಿನಲ್ಲಿ ಚಕ್ರವರ್ತಿಗಳು ಬೇಗ ಪಟ್ಟ ಬಿಟ್ಟುಕೊಟ್ಟು, ಚಿಕ್ಕ ಮಗನನ್ನು ಕೂರಿಸಿ, ತಾವು ‘ಇನ್’ ಎಂಬ ನಿವೃತ್ತನ ನಿವಾಸದಿಂದ ಅಧಿಕಾರ ನಡೆಸುತ್ತಿದ್ದರು. ಇದಕ್ಕೆ ಇನ್ಸೇ ಎಂದು ಹೆಸರು. ಸಿಂಹಾಸನದಲ್ಲಿದ್ದವನಿಗೆ ದಿನವಿಡೀ ವಿಧಿ, ಆಚರಣೆ, ಮಡಿ. ಇಳಿದವನಿಗೆ ಅವುಗಳ ಕಟ್ಟುಪಾಡಿಲ್ಲ, ಕೈಯಲ್ಲಿ ಉಂಬಳಿಗಳ ಆದಾಯವೂ ಇರುತ್ತಿತ್ತು. ಹಾಗಾಗಿ 1198ರಲ್ಲಿ, ಇನ್ನೂ ಇಪ್ಪತ್ತು ತುಂಬದ ಗೊ-ತೋಬಾ ಮಗ ತ್ಸುಚಿಮಿಕಾದೊನಿಗೆ ಪಟ್ಟ ಕಟ್ಟಿ ಇಳಿದದ್ದನ್ನು ವೈರಾಗ್ಯ ಎಂದು ತಿಳಿಯಬಾರದು. ಅವನ ನಿಜವಾದ ಆಳ್ವಿಕೆ ಆರಂಭವಾದದ್ದೇ ಅಂದು. 1210ರಲ್ಲಿ ಸೌಮ್ಯ ಸ್ವಭಾವದ ತ್ಸುಚಿಮಿಕಾದೊನನ್ನು ಇಳಿಸಿ, ತನ್ನಂತೆಯೇ ಚುರುಕಾಗಿದ್ದ ಇನ್ನೊಬ್ಬ ಮಗ ಜುಂತೋಕುವನ್ನು ಕೂರಿಸಿದ್ದೂ ಅವನ ಇಚ್ಛೆಯೇ.

ಬಿಡುಗಡೆಗೊಂಡ ಆ ತರುಣನ ಹುರುಪನ್ನು ಓದುವಾಗ ಆಶ್ಚರ್ಯವಾಗುತ್ತದೆ. ಕುದುರೆ, ಬಿಲ್ಲು, ಈಜು, ಕುಸ್ತಿ, ಕೆಮಾರಿ ಎಂಬ ಚೆಂಡಾಟ, ಬಿವಾ ಎಂಬ ತಂತಿವಾದ್ಯದ ವಾದನ, ಯಾವುದರಲ್ಲೂ ಅವನು ನೋಡುಗನಾಗಿ ಉಳಿಯಲಿಲ್ಲ. ಕೀ ಪರ್ಯಾಯದ್ವೀಪದ ಬೆಟ್ಟಗಳ ನಡುವಿನ ಕುಮಾನೊ ಕ್ಷೇತ್ರಕ್ಕೆ ಸುಮಾರು 28 ಬಾರಿ ಯಾತ್ರೆ ಹೋದ. ಹೋಗಿಬರಲು ವಾರಗಳೇ ಹಿಡಿಯುತ್ತಿದ್ದ ಹಾದಿಯದು. ದಾರಿಯ ತಂಗುದಾಣಗಳಲ್ಲೂ ಪದ್ಯಗೋಷ್ಠಿ ನಡೆಸುತ್ತಿದ್ದ. 1201ರ ಯಾತ್ರೆಯಲ್ಲಿ ಜೊತೆಗಿದ್ದ ಕವಿ ಫುಜಿವಾರಾ ತೇಕಾ ದಾರಿಯ ಆಯಾಸವನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ತೇಕಾನ ಹೆಸರು ಬಂದದ್ದರಿಂದ ಕಾವ್ಯದ ಬಳಿ ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಗೊ-ತೋಬಾ ಸಂಪೂರ್ಣವಾಗಿ ಗೆದ್ದ ರಾಜ್ಯ ಇದೊಂದೇ. 1200ರಲ್ಲಿ ಅವನು ಕವಿಗಳಿಂದ ನೂರು ನೂರು ಪದ್ಯಗಳನ್ನು ಬರೆಸಿದಾಗ ತೇಕಾನ ಹೆಸರು ಪಟ್ಟಿಯಲ್ಲಿರಲಿಲ್ಲ. ತಂದೆ ಶುಂಝೇ, ಎಂಬತ್ತು ದಾಟಿದ ಹಿರಿಯ ಕವಿ, ಮಗನಿಗಾಗಿ ಮನವಿ ಬರೆದ ಮೇಲೆ ಸೇರಿಸಲಾಯಿತು. ತೇಕಾನ ಪದ್ಯಗಳನ್ನು ಓದಿ ಮೆಚ್ಚಿದ ದೊರೆ, ಮರುವರ್ಷ ಅರಮನೆಯಲ್ಲಿ ಕಾವ್ಯ ಕಚೇರಿಯನ್ನೇ ತೆರೆದು, ಅವನನ್ನೂ ಸೇರಿಸಿ ಆರು ಮಂದಿಗೆ ಹೊಸ ಸಂಕಲನ ಸಿದ್ಧಪಡಿಸುವ ಅಪ್ಪಣೆ ಕೊಟ್ಟ. ಅದೇ ಶಿನ್‌ಕೋಕಿನ್‌ಶೂ: 20 ಭಾಗಗಳು, ಸುಮಾರು 1980 ಪದ್ಯಗಳು. 1205ರಲ್ಲಿ ಮುಕ್ತಾಯದ ಔತಣವೂ ನಡೆಯಿತು. ಆದರೆ ಔತಣ ಮುಗಿದ ಮೇಲೂ ಗೊ-ತೋಬಾ ವರ್ಷಗಟ್ಟಲೆ ಪದ್ಯಗಳನ್ನು ತೆಗೆಯುತ್ತ ಸೇರಿಸುತ್ತ ಹೋದದ್ದು ಸಂಪಾದಕರಿಗೆ ದಣಿವು ತಂದಿತು. ಹಿಂದಿನ ಸಂಕಲನಗಳಲ್ಲಿ ಚಕ್ರವರ್ತಿ ಆಜ್ಞೆ ಕೊಟ್ಟು ಕಾಯುತ್ತಿದ್ದ; ಇಲ್ಲಿ ಅವನೇ ಪ್ರಧಾನ ಸಂಪಾದಕ.

ಅವನದೇ ಒಂದು ಪದ್ಯವನ್ನು ಹತ್ತಿರದಿಂದ ನೋಡೋಣ. ಕ್ಯೋತೋದ ನೈರುತ್ಯಕ್ಕೆ ಮಿನಾಸೆಯಲ್ಲಿ ಅವನಿಗೊಂದು ವಿಹಾರ ಭವನವಿತ್ತು. ಅಲ್ಲಿನ ವಸಂತದ ಸಂಜೆಯನ್ನು ಕುರಿತ ಆ ಪದ್ಯದ ಭಾವ ಹೀಗಿದೆ: ದೂರಕ್ಕೆ ಕಣ್ಣು ಹಾಯಿಸಿದರೆ ಬೆಟ್ಟದ ತಪ್ಪಲು ಮಬ್ಬು ಮಂಜಿನಲ್ಲಿ, ನಡುವೆ ಮಿನಾಸೆ ಹೊಳೆ, ಸಂಜೆಯೆಂದರೆ ಶರತ್ಕಾಲದ್ದೇ ಎಂದು ನಾನು ಏಕಾದರೂ ಅಂದುಕೊಂಡಿದ್ದೆನೋ. ವಸಂತಕ್ಕೆ ಬೆಳಗು, ಶರತ್ತಿಗೆ ಸಂಜೆ ಎಂಬುದು ಇನ್ನೂರು ವರ್ಷಗಳಿಂದ ಆಸ್ಥಾನದಲ್ಲಿ ಬೇರೂರಿದ್ದ ರುಚಿ. ಅದನ್ನು ವಾದ ಹೂಡದೆ, ಕಂಡದ್ದನ್ನು ಹೇಳಿ ಮೆಲ್ಲನೆ ಪಲ್ಲಟಗೊಳಿಸುವ ಈ ಮೂವತ್ತೊಂದು ಅಕ್ಷರಗಳಲ್ಲಿ ಒಬ್ಬ ಒಡೆಯನ ಆತ್ಮವಿಶ್ವಾಸವೂ ಇದೆ, ತಪ್ಪನ್ನು ಒಪ್ಪಿಕೊಳ್ಳುವ ನಯವೂ ಇದೆ. ರಾಜಕಾರಣದಲ್ಲಿ ಆ ಎರಡನೆಯ ಗುಣ ಅವನಲ್ಲಿ ಕಾಣಲಿಲ್ಲ. ಸಿಟ್ಟಿಗೆ ಗುರಿಯಾದವರನ್ನು ಬಿಡುತ್ತಿರಲಿಲ್ಲ: 1207ರಲ್ಲಿ ಬೌದ್ಧ ಗುರು ಹೋನೆನ್‌ನ ಶಿಷ್ಯರಲ್ಲಿ ಕೆಲವರಿಗೆ ಮರಣದಂಡನೆ, ಹೋನೆನ್ ಮತ್ತು ಶಿನ್‌ರಾನ್‌ರಿಗೆ ಗಡಿಪಾರು, 1220ರಲ್ಲಿ ಒಂದು ಪದ್ಯಕ್ಕೆ ಮುನಿದು, ಅದೇ ತೇಕಾನನ್ನು ಆಸ್ಥಾನದಿಂದ ದೂರವಿಟ್ಟ.

ಕಾಮಕುರಾದ ಜೊತೆ ಅವನ ಸಂಬಂಧ ಮೊದಲಿನಿಂದ ಹಗೆತನದ್ದಲ್ಲ. ಮೂರನೆಯ ಶೋಗುನ್‌ಗೆ ಸನೆತೋಮೊ ಎಂಬ ಹೆಸರು ಕೊಟ್ಟದ್ದು ಗೊ-ತೋಬಾನೇ. ತನ್ನ ಸೋದರಮಾವನ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟ. ಸನೆತೋಮೊ ತೇಕಾನಿಂದ ಕಾವ್ಯ ಕಲಿತ ಒಳ್ಳೆಯ ಕವಿ. ಅವನಿಗೆ ಮಕ್ಕಳಿಲ್ಲದ್ದರಿಂದ, ಯೋರಿತೋಮೊನ ವಿಧವೆ ಹೋಜೊ ಮಸಾಕೊ 1218ರಲ್ಲಿ ಕ್ಯೋತೋಗೆ ಬಂದು, ಗೊ-ತೋಬಾನ ಮಗನೊಬ್ಬನನ್ನು ಮುಂದಿನ ಶೋಗುನ್ ಆಗಿ ಕಳುಹಿಸುವ ಮಾತುಕತೆ ನಡೆಸಿದಳು. 1219ರ ಆರಂಭದಲ್ಲಿ, ತ್ಸುರುಗವೊಕಾ ಹಾಚಿಮಾನ್ ದೇಗುಲದಲ್ಲಿ, ಸನೆತೋಮೊ ಅಣ್ಣನ ಮಗನ ಕೈಯಲ್ಲೇ ಕೊಲೆಯಾದ. ಅಲ್ಲಿಗೆ ನಂಬಿಕೆಯ ಕೊಂಡಿ ಕಳಚಿತು. ಗೊ-ತೋಬಾ ಮಗನನ್ನು ಕಳುಹಿಸಲು ನಿರಾಕರಿಸಿದ. ಬದಲಿಗೆ, ತನ್ನ ಮೆಚ್ಚಿನ ನರ್ತಕಿ ಕಾಮೆಗಿಕುವಿನ ಎರಡು ಉಂಬಳಿಗಳಾದ ನಾಗಾಯೆ ಮತ್ತು ಕುರಾಹಾಶಿಗಳಿಂದ ಕಾಮಕುರಾದ ಜಿತೋ, ಅಂದರೆ ಭೂ ಅಧಿಕಾರಿಗಳನ್ನು, ತೆಗೆಯಬೇಕೆಂದು ಕೇಳಿದ. ಮಸಾಕೊನ ತಮ್ಮ, ಆಗ ಸರ್ಕಾರ ನಡೆಸುತ್ತಿದ್ದ ಹೋಜೊ ಯೋಶಿತೋಕಿ, ಒಪ್ಪಲಿಲ್ಲ. ಈ ಬೇಡಿಕೆಯನ್ನು ಕೇವಲ ಮೋಹದ ಮಾತೆಂದು ತಳ್ಳಿಹಾಕುವವರಿದ್ದಾರೆ. ಆದರೆ ಒಮ್ಮೆ ಕೊಟ್ಟ ಜಿತೋ ಹುದ್ದೆಯನ್ನು ತಪ್ಪಿಲ್ಲದೆ ಕಿತ್ತುಕೊಳ್ಳುವುದಿಲ್ಲ ಎಂಬ ಭರವಸೆಯ ಮೇಲೆಯೇ ಯೋಧರ ನಿಷ್ಠೆ ನಿಂತಿತ್ತು. ಗೊ-ತೋಬಾ ಕೈ ಹಾಕಿದ್ದು ಬುಡಕ್ಕೇ.

1221ರ ಐದನೆಯ ಚಾಂದ್ರಮಾಸದ 15ರಂದು ಯೋಶಿತೋಕಿಯನ್ನು ದಂಡಿಸಬೇಕೆಂಬ ಆಜ್ಞೆ ಹೊರಟಿತು. ಕ್ಯೋತೋದಲ್ಲಿದ್ದ ಕಾಮಕುರಾ ಪ್ರತಿನಿಧಿ ಇಗಾ ಮಿತ್ಸುಸುಯೆಯನ್ನು ಕೊಲ್ಲಲಾಯಿತು. ಇದೇ ಜೋಕ್ಯೂ ಯುದ್ಧ. ಆಜ್ಞೆಯಲ್ಲಿ ಇದ್ದದ್ದು ಯೋಶಿತೋಕಿಯ ಹೆಸರು, ಶೋಗುನ್ ಸರ್ಕಾರದ್ದಲ್ಲ. ಆದ್ದರಿಂದ ಗುರಿ ಯೋಧರ ಸರ್ಕಾರವನ್ನೇ ಉರುಳಿಸುವುದಾಗಿತ್ತೇ, ಅಥವಾ ಒಬ್ಬನನ್ನು ತೆಗೆದು ಉಳಿದವರನ್ನು ಕೈಗೆ ತೆಗೆದುಕೊಳ್ಳುವುದೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಕಾಮಕುರಾದಲ್ಲಿ ಮಸಾಕೊ ಈ ಸೂಕ್ಷ್ಮಕ್ಕೆ ಎಡೆಯನ್ನೇ ಕೊಡಲಿಲ್ಲ. ಯೋಧರನ್ನು ಸೇರಿಸಿ, ಯೋರಿತೋಮೊ ನಿಮಗೆ ಕೊಟ್ಟ ಪದವಿ, ಭೂಮಿಗಳ ಋಣ ಬೆಟ್ಟಕ್ಕಿಂತ ಎತ್ತರ, ಕಡಲಿಗಿಂತ ಆಳ ಎಂಬ ಅರ್ಥದ ಮಾತುಗಳಿಂದ, ಒಬ್ಬನ ಮೇಲಿನ ಆಜ್ಞೆಯನ್ನು ಎಲ್ಲರ ಮೇಲಿನ ಆಘಾತವಾಗಿ ಮಾಡಿದಳು. ಗಡಿಯ ಕಣಿವೆಗಳಲ್ಲಿ ಕಾಯೋಣ ಎಂದವರಿಗೆ, ತಡಮಾಡಿದರೆ ಮನಸ್ಸು ಒಡೆಯುತ್ತದೆ ಎಂದು ಹಿರಿಯ ಮಂತ್ರಿ ಓಯೆ ಹಿರೊಮೊತೊ ಎಚ್ಚರಿಸಿದ. ಯೋಶಿತೋಕಿಯ ಮಗ ಯಾಸುತೋಕಿ ಕೇವಲ 18 ಸವಾರರೊಡನೆ ಹೊರಟ. ದಾರಿಯುದ್ದಕ್ಕೂ ದಂಡು ಕೂಡಿಕೊಂಡಿತು.

ನಂತರದ ಕಾಲದ ಒಂದು ವೃತ್ತಾಂತದಲ್ಲಿ ಬರುವ ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಯಾಸುತೋಕಿ ದಾರಿಯಿಂದ ಒಬ್ಬನೇ ಮರಳಿ ಬಂದು, ಚಕ್ರವರ್ತಿಯೇ ಎದುರು ನಿಂತರೆ ಏನು ಮಾಡಲಿ ಎಂದು ತಂದೆಯನ್ನು ಕೇಳಿದನಂತೆ. ಹಾಗಾದರೆ ಬಿಲ್ಲಿನ ಹೆದೆ ಕತ್ತರಿಸಿ ಶರಣಾಗು, ದಂಡನ್ನಷ್ಟೇ ಕಳುಹಿಸಿದ್ದರೆ ಸಾಯುವವರೆಗೆ ಹೋರಾಡು ಎಂದನಂತೆ ತಂದೆ. ಗೊ-ತೋಬಾ ಹೊರಗೆ ಬರಲಿಲ್ಲ. ಆರನೆಯ ಮಾಸದ 14ರಂದು ಪೂರ್ವದ ಯೋಧರು ಉಕ್ಕಿ ಹರಿಯುತ್ತಿದ್ದ ಉಜಿ ನದಿಯನ್ನು ಕುದುರೆಗಳ ಮೇಲೆ ದಾಟಿದರು. ಸೋತು ಬಂದ ಯಾಮಾದಾ ಶಿಗೆತಾದಾ, ಮಿಯುರಾ ತಾನೆಯೋಶಿ ಮುಂತಾದ ಗೊ-ತೋಬಾನ ಪಕ್ಷದ ಯೋಧರು ಅರಮನೆಯಲ್ಲಿ ನಿಂತು ಕಡೆಯ ಕಾಳಗ ಮಾಡಲು ಬಂದರೆ ಬಾಗಿಲು ತೆರೆಯಲಿಲ್ಲ. ಎಲ್ಲಿಗಾದರೂ ಹೋಗಿ ಎಂಬ ಉತ್ತರ ಬಂತು. ಕುಸ್ತಿ, ಕತ್ತಿಗಳನ್ನು ಅಷ್ಟು ಪ್ರೀತಿಸಿದವನು, ತನಗಾಗಿ ರಕ್ತ ಹರಿಸಿದವರಿಗೆ ಬಾಗಿಲು ಮುಚ್ಚಿದ. ಮರುದಿನ ಕಾಮಕುರಾ ದಂಡು ಕ್ಯೋತೋ ಹೊಕ್ಕಾಗ ತಪ್ಪನ್ನು ಸಲಹೆಗಾರರ ಮೇಲೆ ಹೊರಿಸಿದ. ಅವನನ್ನು ಎಷ್ಟೇ ಮೆಚ್ಚಿದರೂ ಈ ಎರಡು ದಿನಗಳನ್ನು ಸಮರ್ಥಿಸಲು ನನಗೆ ಸಾಧ್ಯವಾಗಿಲ್ಲ.

ಫಲ ಘೋರವಾಗಿತ್ತು. ಪ್ರಜೆಗಳೇ ಚಕ್ರವರ್ತಿಗಳನ್ನು ಗಡಿಪಾರು ಮಾಡಿದರು: ಗೊ-ತೋಬಾ ಓಕಿ ದ್ವೀಪಕ್ಕೆ, ಜುಂತೋಕು ಸಾದೊ ದ್ವೀಪಕ್ಕೆ, ಯುದ್ಧದಲ್ಲಿ ಭಾಗಿಯಾಗದ ತ್ಸುಚಿಮಿಕಾದೊ ತಂದೆ ಹೋದ ಮೇಲೆ ತಾನಿರಲಾರೆನೆಂದು ತಾನಾಗಿಯೇ ತೋಸಾಕ್ಕೆ. ಆಗ ಗಾದಿಯಲ್ಲಿದ್ದ ಮೊಮ್ಮಗನನ್ನೂ, ಅಂದರೆ ಜುಂತೋಕುವಿನ ಮಗನನ್ನೂ, ಇಳಿಸಲಾಯಿತು. ಕ್ಯೋತೋ ಮೇಲೆ ಕಣ್ಣಿಡಲು ರೊಕುಹರಾದಲ್ಲಿ ಕಾಮಕುರಾದ ಕಚೇರಿ ಬಂತು. ಸೋತ ಪಕ್ಷದಿಂದ ಕಸಿದುಕೊಂಡ ಸುಮಾರು 3000 ಉಂಬಳಿಗಳಿಗೆ ಪೂರ್ವದ ಯೋಧರು ಹೊಸ ಜಿತೋಗಳಾಗಿ ಹೋದರು. 1223ರ ನಿಯಮದ ಪ್ರಕಾರ ಹಿಂದಿನ ಆದಾಯದ ಪದ್ಧತಿ ಇಲ್ಲದ ಕಡೆ ಅವರಿಗೆ 11 ಚೋ ಭೂಮಿಗೆ 1 ಚೋ, ಜೊತೆಗೆ ಪ್ರತಿ ತಾನ್‌ಗೆ 5 ಶೋ ಅಕ್ಕಿ (ಚೋ ಮತ್ತು ಅದರ ಹತ್ತನೆಯ ಒಂದು ಪಾಲಾದ ತಾನ್ ಭೂಮಿಯ ಅಳತೆಗಳು, ಶೋ ಧಾನ್ಯದ ಅಳತೆ). ಪಶ್ಚಿಮ ಜಪಾನಿನ ಹೊಲಗದ್ದೆಗಳ ತನಕ ಯೋಧರ ಸರ್ಕಾರ ಬೇರಿಳಿಸಿದ್ದು ಹೀಗೆ.

ಓಕಿಗೆ ಹೊರಡುವ ಮುನ್ನ, ತಲೆ ಬೋಳಿಸಿ ದೀಕ್ಷೆ ಪಡೆಯುವ ಮೊದಲು, ಅವನು ಚಿತ್ರಕಾರ ಫುಜಿವಾರಾ ನೊಬುಝಾನೆಯನ್ನು ಕರೆಸಿ ತನ್ನ ಭಾವಚಿತ್ರ ಬರೆಸಿ ತಾಯಿಗೆ ಕಳುಹಿಸಿದ. ದ್ವೀಪದಲ್ಲಿ ಬರೆದ ಪ್ರಸಿದ್ಧ ಪದ್ಯದಲ್ಲಿ, ನಾನೇ ಈ ದ್ವೀಪದ ಹೊಸ ಕಾವಲುಗಾರ, ಓಕಿ ಕಡಲಿನ ಒರಟು ಗಾಳಿಯೇ, ನೋಡಿಕೊಂಡು ಬೀಸು ಎನ್ನುತ್ತಾನೆ. ಅಪ್ಪಣೆಯ ಧಾಟಿ ಹೋಗಿಲ್ಲ. ಕೇಳುವವರು ಮಾತ್ರ ಗಾಳಿ, ಅಲೆ. ಅಲ್ಲಿ ಅವನು ಕಳೆದದ್ದು ಹೆಚ್ಚುಕಡಿಮೆ 18 ವರ್ಷ. 1235ರಲ್ಲಿ ಅವನನ್ನು ಮರಳಿ ಕರೆಸುವ ಪ್ರಸ್ತಾಪವನ್ನು ಕಾಮಕುರಾ ತಳ್ಳಿಹಾಕಿತು. ಮರುವರ್ಷ ಕ್ಯೋತೋದಲ್ಲಿದ್ದ ಹಳೆಯ ಗೆಳೆಯರಿಂದ ಪದ್ಯ ತರಿಸಿಕೊಂಡು, ದೂರದಿಂದಲೇ ಒಂದು ಕಾವ್ಯಸ್ಪರ್ಧೆ ನಡೆಸಿದ. ಶಿನ್‌ಕೋಕಿನ್‌ಶೂವನ್ನೂ ಬಿಡಲಿಲ್ಲ: ಸುಮಾರು 400 ಪದ್ಯಗಳನ್ನು ತೆಗೆದು, ಇದೇ ನಿಜವಾದ ಪಾಠ ಎಂದು ಉಳಿದವನ್ನು ನಿಲ್ಲಿಸಿದ.

1239ರ ಎರಡನೆಯ ಮಾಸದ 9ರಂದು, ಸಾಯುವುದಕ್ಕೆ ಹದಿಮೂರು ದಿನ ಮೊದಲು, ಮಿನಾಸೆಯ ಭವನವನ್ನು ನೋಡಿಕೊಂಡಿದ್ದ ನಿಷ್ಠಾವಂತ ಪರಿವಾರದ ತಂದೆ ಮತ್ತು ಮಗನಿಗೆ ಅವನು ಒಂದು ಪತ್ರ ಬರೆದ. ಆ ಜಾಗವನ್ನು ಅವರೇ ಉಳಿಸಿಕೊಳ್ಳಬೇಕು, ಅಲ್ಲಿ ತನ್ನ ಸದ್ಗತಿಗಾಗಿ ಪ್ರಾರ್ಥನೆ ನಡೆಯಬೇಕು ಎಂಬುದು ಅದರ ಆಶಯ. ಬರಹದ ಮೇಲೆ ತನ್ನ ಎರಡೂ ಅಂಗೈಗಳನ್ನು ಕೆಂಪು ಬಣ್ಣದಲ್ಲಿ ಅದ್ದಿ ಒತ್ತಿದ. ಆ ಪತ್ರವೂ, ನೊಬುಝಾನೆ ಬರೆದದ್ದೆನ್ನುವ ಭಾವಚಿತ್ರವೂ ಇಂದು ಅದೇ ಜಾಗದಲ್ಲಿರುವ ಮಿನಾಸೆ ದೇಗುಲಕ್ಕೆ ಸೇರಿದ ರಾಷ್ಟ್ರೀಯ ನಿಧಿಗಳು. ಅಂಗೈಗಳ ಗುರುತು ಇನ್ನೂ ಕೆಂಪಾಗಿ ಕಾಣುತ್ತದೆ.