ಬಸವನಹುಳುವಿಗೆ ನೂರಾರು ಮೊಟ್ಟೆ, ಆನೆಗೆ ಒಂದೇ ಮರಿ

ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರು ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಆಫ್ರಿಕನ್ ಬಸವನಹುಳುವನ್ನು ಎಷ್ಟು ಹೆಕ್ಕಿದರೂ ಯಾಕೆ ಮುಗಿಯುವುದಿಲ್ಲ? ತೋಟದಲ್ಲಿ ಆನೆ ಯಾಕಿಷ್ಟು ಜಾಸ್ತಿಯಾಯಿತು?

ಈ ಬಸವನಹುಳುವಿನಲ್ಲಿ ಗಂಡು, ಹೆಣ್ಣು ಅಂತ ಬೇರೆ ಇಲ್ಲ. ಒಂದೇ ಹುಳುವಿನಲ್ಲಿ ಎರಡೂ ಅಂಗಗಳಿವೆ. ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ 100ರಿಂದ 400, ಅದೂ ವರ್ಷಕ್ಕೆ ಹಲವು ಸಲ. ಮರಿ ಸಾಕುವ ಕೆಲಸವೇ ಇಲ್ಲ. ಬಹುಪಾಲು ಸತ್ತರೂ ಉಳಿದಷ್ಟೇ ತೋಟ ತುಂಬಲು ಸಾಕು. ಪೂರ್ವ ಆಫ್ರಿಕಾದ ಈ ಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದು ಬಿಟ್ಟರು. ಅಲ್ಲಿಂದ ಶುರುವಾದದ್ದು ಇಂದು ನಮ್ಮ ಕಾಫಿ ಗಿಡದ ಮೇಲಿದೆ.

ಹಾಗಾಗಿ ಎಷ್ಟು ಹೆಕ್ಕಿದಿರಿ ಅನ್ನುವುದಕ್ಕಿಂತ ಯಾವಾಗ ಹೆಕ್ಕಿದಿರಿ ಅನ್ನುವುದು ಮುಖ್ಯ. ಬೇಸಿಗೆಯಲ್ಲಿ ಅದು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿರುತ್ತದೆ. ಮೊದಲ ಮಳೆಗೆ ಎದ್ದು ಮೇಯಲು ಬರುತ್ತದೆ. ಮೊಟ್ಟೆ ಇಡುವ ಮುಂಚೆ, ಆಗಲೇ ಹಿಡಿಯಬೇಕು. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬಂದು ಸೇರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಉಪ್ಪು ನೀರಿಗೆ ಹಾಕಿ. ಪಕ್ಕದ ತೋಟದವರೂ ಅದೇ ವಾರ ಹೆಕ್ಕಬೇಕು. ಮಳೆಗಾಲದ ನಡುವೆ ಶುರುಮಾಡಿದರೆ ಮೊಟ್ಟೆಗಳು ಆಗಲೇ ಮಣ್ಣಿನೊಳಗೆ ಇರುತ್ತವೆ.

ಆನೆಯದು ಇದಕ್ಕೆ ಪೂರ್ತಿ ಉಲ್ಟಾ. ಗರ್ಭವೇ ಸುಮಾರು 20ರಿಂದ 22 ತಿಂಗಳು. ಹುಟ್ಟುವುದು ಒಂದೇ ಮರಿ. ಮುಂದಿನದಕ್ಕೆ ನಾಲ್ಕೈದು ವರ್ಷ ಬೇಕು. ಹದಿನೈದರ ಆಸುಪಾಸಿನಲ್ಲಿ ಮೊದಲ ಮರಿ ಹಾಕಿದ ಹೆಣ್ಣಾನೆ ಐವತ್ತು ವರ್ಷ ಬದುಕಿದರೂ ಏಳೆಂಟು ಮರಿ ಕೊಟ್ಟರೆ ಹೆಚ್ಚು. ಇಂಥ ಪ್ರಾಣಿ ನಾಲ್ಕು ವರ್ಷದಲ್ಲಿ ದುಪ್ಪಟ್ಟಾಗಲು ಸಾಧ್ಯವೇ ಇಲ್ಲ. ತೋಟದಲ್ಲಿ ದಿಢೀರನೆ ಆನೆ ಹೆಚ್ಚಾಗಿ ಕಂಡರೆ ಅವು ಅಲ್ಲಿಗೆ ಬಂದು ಉಳಿದಿವೆ ಅಂತಲೇ ಅರ್ಥ. ಕೆರೆ, ಹಲಸು, ಬಾಳೆ, ನೆರಳು ಎಲ್ಲವೂ ತೋಟದಲ್ಲೇ ಸಿಗುತ್ತವಲ್ವಾ?

ನನಗೆ ನಿಜವಾಗಿ ಸಂಕಟವಾಗುವುದು ಕಾಡುಹಂದಿಗೆಂದು ಲೈನಿನಿಂದ ನೇರವಾಗಿ ಎಳೆಯುವ ಕರೆಂಟು ತಂತಿ ನೋಡಿದಾಗ. ಹಂದಿಯ ಗರ್ಭ ನಾಲ್ಕು ತಿಂಗಳಷ್ಟೇ, ಒಂದು ಸೂಲಿಗೆ ನಾಲ್ಕಾರು ಮರಿ. ನಾಲ್ಕು ಹಂದಿ ಸತ್ತ ಜಾಗ ಬೇಗನೆ ತುಂಬುತ್ತದೆ. ಅದೇ ತಂತಿಗೆ ಹೆಣ್ಣಾನೆ ಸಿಕ್ಕಿದರೆ ಅದರ ಜಾಗ ತುಂಬಲು ಹದಿನೈದು ವರ್ಷವೂ ಸಾಲದು. ಜೊತೆಗಿದ್ದ ಹಾಲು ಕುಡಿಯುವ ಮರಿಯೂ ಉಳಿಯುವುದು ಕಷ್ಟ. ಹಂದಿಗೆ ಬೇಲಿ ಬೇಕೇ ಬೇಕಿದ್ದರೆ ಸರಿಯಾಗಿ ಅಳವಡಿಸಿದ ಸೋಲಾರ್ ಬೇಲಿ ಹಾಕಿ. ಅದರ ಕರೆಂಟು ಬಿಟ್ಟು ಬಿಟ್ಟು ಹೊಡೆಯುತ್ತದೆ, ಹಂದಿ ಬೆದರಿ ಹಿಂದೆ ಹೋಗುತ್ತದೆ.