ಟೈಟ್ ಪದದ ಬುಡದಲ್ಲಿ ಹೆಪ್ಪುಗಟ್ಟಿದ ಹಾಲು

ನಟ್ಟು ಟೈಟ್ ಮಾಡು, ಪ್ಯಾಂಟ್ ಟೈಟ್ ಆಯ್ತು, ಈ ತಿಂಗಳು ದುಡ್ಡು ಟೈಟು. ಇಂಗ್ಲಿಷಿನ ಈ ಪದ ನಮ್ಮ ಮಾತಿನಲ್ಲಿ ಪೂರ್ತಿ ಬೆರೆತುಹೋಗಿದೆ. ಎಳೆದು ಬಿಗಿದದ್ದು ಎಂಬುದೇ ಅದರ ಮೂಲ ಅರ್ಥ ಅನಿಸುತ್ತದೆ, ಅಲ್ವಾ? ಆದರೆ ಶುರುವಿನಲ್ಲಿ ಅದಕ್ಕೂ ಎಳೆತಕ್ಕೂ ಸಂಬಂಧವೇ ಇರಲಿಲ್ಲ.

ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ‘ಥೆಟ್ಟರ್’ ಎಂದರೆ ದಟ್ಟವಾದದ್ದು, ನೀರು ಸೋರದ್ದು. ಅಲ್ಲಿಂದ ಇಂಗ್ಲಿಷಿಗೆ ಬಂದ ಪದದ ಮೊದಲ ‘ಥ’ ಮುಂದೆ ‘ಟ’ ಆಯಿತು. ಮರದ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ, ಮೇಲೆ ಡಾಂಬರು ಬಳಿಯುತ್ತಿದ್ದರು. ಹನಿ ನೀರೂ ಒಳಗೆ ಬರದಿದ್ದರೆ ಆ ಹಡಗು ಟೈಟ್. ವಾಟರ್‌ಟೈಟ್, ಏರ್‌ಟೈಟ್ ಎನ್ನುವಾಗ ಇವತ್ತಿಗೂ ಇದೇ ಅರ್ಥ. ಹಗ್ಗವನ್ನು ಎಳೆದು ಬಿಗಿಯುವ ಅರ್ಥ 16ನೇ ಶತಮಾನದಲ್ಲಿ ಸೇರಿತು. ಮೈಗೆ ಅಂಟುವ ಬಟ್ಟೆ, ಜಾಸ್ತಿ ಕುಡಿದವನು, ಇವೆಲ್ಲ ಆಮೇಲಿನವು.

ಇನ್ನೂ ಹಿಂದಕ್ಕೆ ಹೋದರೆ ನನಗೆ ತುಂಬಾ ಇಷ್ಟವಾದ ಭಾಗ ಸಿಗುತ್ತದೆ. ಸಂಸ್ಕೃತ, ಇಂಗ್ಲಿಷ್ ಎರಡೂ ಒಂದೇ ಹಳೆಯ ಮೂಲಭಾಷೆಯಿಂದ ಕವಲೊಡೆದವು. ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಒಂದು ನಿಯಮವನ್ನು ವಿವರಿಸಿದರು. ಸಂಸ್ಕೃತದಲ್ಲಿ ‘ತ’ ಇರುವ ಕಡೆ ಇಂಗ್ಲಿಷಿನ ಬಳಗದಲ್ಲಿ ‘ಥ’ ಬರುತ್ತದೆ. ಅಲ್ಲಿ ತ್ರಿ, ಇಲ್ಲಿ ಥ್ರೀ; ಅಲ್ಲಿ ತೆಳು ಎಂಬ ಅರ್ಥದ ತನು, ಇಲ್ಲಿ ಥಿನ್. ಹಾಗೆಯೇ ‘ಕ’ ಇರುವ ಕಡೆ ‘ಹ’. ಈ ಜಾಡು ಹಿಡಿದರೆ ಥೆಟ್ಟರ್ ಪದದ ನೆಂಟ ಸಂಸ್ಕೃತದ ‘ತಂಚ್’ ಧಾತು. ಅದರ ಅರ್ಥ ಗಟ್ಟಿಯಾಗುವುದು, ಹೆಪ್ಪುಗಟ್ಟುವುದು. ಯಜುರ್ವೇದದಲ್ಲಿ ಅಮಾವಾಸ್ಯೆಯ ಯಾಗಕ್ಕಾಗಿ ಹಾಲಿಗೆ ಹೆಪ್ಪು ಹಾಕುವ ಮಾತು ಬರುವಲ್ಲಿ ಇದೇ ಧಾತು ಇದೆ. ಹೆಪ್ಪಿಗೆ ಸಂಸ್ಕೃತದಲ್ಲಿ ‘ಆತಂಚನ’ ಎಂಬ ಹೆಸರೇ ಇದೆ. ಟೈಟ್ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಉಚ್ಚಾರವಿಲ್ಲದೆ ಕೂತಿರುವ ಜಿ ಮತ್ತು ಎಚ್ ಅಕ್ಷರಗಳು ಸುಮ್ನೆ ಬಂದವಲ್ಲ. ಆ ಹಳೆಯ ‘ಕ’ ಸವೆದು ‘ಹ’ ಆಗಿ ಉಳಿಸಿಹೋದ ಗುರುತು ಅದು.

ಹಾಲಿಗೂ ದಟ್ಟತನಕ್ಕೂ ಏನು ನಂಟು? ಹೆಪ್ಪು ಹಾಕಿದ ಪಾತ್ರೆಯನ್ನೇ ನೋಡಿ. ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ತಾಜಾ ಹಾಲಿನಲ್ಲಿ ಕೇಸಿನ್ ಪ್ರೋಟೀನಿನ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತಿರುತ್ತವೆ. ಹುಳಿ ಏರಿದಂತೆ ಇಳಿಯುವ ಪಿಎಚ್ ಅಳತೆ 4.6ರ ಹತ್ತಿರ ಬಂದಾಗ ಆ ತಳ್ಳಾಟ ನಿಲ್ಲುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತವೆ, ನೀರು ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಪಾತ್ರೆ ಓರೆ ಮಾಡಿದರೂ ಮೊಸರು ಹರಿಯುವುದಿಲ್ಲ. ಹರಿಯುತ್ತಿದ್ದದ್ದು ಒತ್ತಾಗಿ ಸೇರಿ ನಿಲ್ಲುವುದು, ಆ ಧಾತುವಿನ ಅರ್ಥ ಇಷ್ಟೇ.

ಇದೇ ಮನೆತನದ ಇನ್ನೊಂದು ಪದ ಪಾರ್ಸಿಯ ‘ತಂಗ್’. ಅದರ ಅರ್ಥ ಇಕ್ಕಟ್ಟು, ಬಿಗಿ. ಹಿಂದಿಯವರು ‘ತಂಗ್ ಮತ್ ಕರೋ’ (ಕಾಟ ಕೊಡಬೇಡ) ಎಂದು ಗದರಿಸುವಾಗ ಬಳಸುವುದು ಅದನ್ನೇ.