ಪ್ರಬಲ, ದುರ್ಬಲ: ಎರಡು ಬಲೂನುಗಳ ಲೆಕ್ಕ

ಶಾಲೆಯ ಲ್ಯಾಬಿನಲ್ಲಿ ಎರಡು ಫ್ಲಾಸ್ಕ್ ಇಡಿ. ಒಂದಕ್ಕೆ 25 ಮಿಲಿ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ 25 ಮಿಲಿ ಅಸಿಟಿಕ್ ಆಮ್ಲ ಹಾಕಿ. ವಿನೆಗರ್‌ಗೆ ಹುಳಿ ಕೊಡುವುದು ಈ ಎರಡನೆಯದೇ. ಪುಸ್ತಕದ ಪ್ರಕಾರ ಮೊದಲನೆಯದು ಪ್ರಬಲ ಆಮ್ಲ, ಎರಡನೆಯದು ದುರ್ಬಲ ಆಮ್ಲ. ಎರಡೂ 1 ಮೋಲಾರ್ ದ್ರಾವಣ, ಅಂದರೆ ಎರಡರಲ್ಲೂ ಆಮ್ಲ ಸಮಸಮ. ಎರಡು ಬಲೂನುಗಳಲ್ಲಿ ಅರ್ಧರ್ಧ ಗ್ರಾಂ ಮೆಗ್ನೀಸಿಯಮ್ ಪಟ್ಟಿಯ ಚೂರು ತುಂಬಿ, ಫ್ಲಾಸ್ಕಿನ ಬಾಯಿಗೆ ಬಿಗಿಯಾಗಿ ಸಿಕ್ಕಿಸಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹತ್ತಿರ ಬೆಂಕಿ ಇರಬಾರದು, ಹುಟ್ಟುವುದು ಹೈಡ್ರೋಜನ್. ಈಗ ಬಲೂನುಗಳನ್ನು ಎತ್ತಿ ಚೂರುಗಳನ್ನು ಆಮ್ಲಕ್ಕೆ ಬೀಳಿಸಿ.

ಹೈಡ್ರೋಕ್ಲೋರಿಕ್ ಆಮ್ಲ ಭುಸ್ಸೆಂದು ನೊರೆಯುಕ್ಕಿಸುತ್ತದೆ. ಫ್ಲಾಸ್ಕ್ ಬಿಸಿಯಾಗುತ್ತದೆ, ಬಲೂನು ನೋಡನೋಡುತ್ತಲೇ ಎದ್ದು ನಿಲ್ಲುತ್ತದೆ. ಅತ್ತ ಅಸಿಟಿಕ್ ಆಮ್ಲದಲ್ಲಿ ಪಟ್ಟಿಯ ಮೈತುಂಬ ಸಣ್ಣ ಗುಳ್ಳೆಗಳು ಕೂತು, ನಿಧಾನಕ್ಕೆ ಬಿಟ್ಟು ಮೇಲೇಳುತ್ತವೆ. ಎಷ್ಟೋ ಸಲ ಪ್ರಯೋಗ ಇಲ್ಲಿಗೇ ಮುಗಿದುಬಿಡುತ್ತದೆ. ಅದು ದೊಡ್ಡ ನಷ್ಟ. ಸುಮ್ನೆ ಇನ್ನೊಂದಿಷ್ಟು ಹೊತ್ತು ಕಾಯಿರಿ. ನಿಧಾನದ ಬಲೂನು ಊದುತ್ತಲೇ ಹೋಗಿ, ಕೊನೆಗೆ ಮೊದಲನೆಯದರಷ್ಟೇ ದಪ್ಪವಾಗುತ್ತದೆ. ಎರಡರಲ್ಲೂ ಸುಮಾರು 300 ಮಿಲಿ ಅನಿಲ!

ದುರ್ಬಲ ಅಂದ ಮೇಲೆ ಅನಿಲವೂ ಕಡಿಮೆ ಬರಬೇಕಿತ್ತು, ಅಲ್ವಾ? ಇಲ್ಲ. ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳು ನೀರಿಗೆ ಬಿದ್ದೊಡನೆ ಹೆಚ್ಚುಕಡಿಮೆ ಎಲ್ಲವೂ ಒಡೆದು ಹೈಡ್ರೋಜನ್ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಕಣ, ಬಿಟ್ಟುಕೊಡುತ್ತವೆ. ಈ ಅಸಿಟಿಕ್ ಆಮ್ಲದಲ್ಲಾದರೋ ಸಾವಿರ ಅಣುಗಳಲ್ಲಿ ನಾಲ್ಕೋ ಐದೋ ಮಾತ್ರ ಒಡೆದಿರುತ್ತವೆ. ಮೆಗ್ನೀಸಿಯಮ್ ಆ ಅಯಾನುಗಳನ್ನು ಬಳಸಿದಂತೆಲ್ಲ ಉಳಿದ ಅಣುಗಳು ಒಡೆಯುತ್ತಾ ಬರುತ್ತವೆ. ಕೈಯಲ್ಲಿರುವ ಚಿಲ್ಲರೆ ಕಡಿಮೆ, ಆದರೆ ಬ್ಯಾಂಕಿನಲ್ಲಿ ದುಡ್ಡು ಅಷ್ಟೇ ಇದೆ. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥಗೊಳಿಸಿ ನೋಡಿದರೂ ಇದೇ ಕಥೆ: 1 ಮೋಲಾರ್ ಕ್ಷಾರ ಎರಡಕ್ಕೂ 25 ಮಿಲಿಯೇ ಬೇಕು.

ವಿದ್ಯುತ್ ಹರಿಸಿದರೆ ಮಾತ್ರ ವ್ಯತ್ಯಾಸ ತಕ್ಷಣ ಕಾಣುತ್ತದೆ. ಮೊದಲನೆಯದರಲ್ಲಿ ಬಲ್ಬು ಚೆನ್ನಾಗಿ ಉರಿಯುತ್ತದೆ, ಎರಡನೆಯದರಲ್ಲಿ ಮಂಕು. ಕರೆಂಟು ಹೊರುವುದು ಅಯಾನುಗಳು ತಾನೆ! ದ್ರಾವಣಗಳಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದರ ಮೇಲೆಯೇ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. ಉಪ್ಸಾಲಾ ವಿಶ್ವವಿದ್ಯಾಲಯ ಅದಕ್ಕೆ ಕೆಳದರ್ಜೆ ಕೊಟ್ಟಿತು. ಇದೇ ದಾರಿಯಲ್ಲಿ ಬೆಳೆದ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಬಂತು.

ಇನ್ನೊಂದು ಗೊಂದಲವನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ನೀರು ಬೆರೆಸಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲವೂ ಪ್ರಬಲ ಆಮ್ಲವೇ. ಗಟ್ಟಿ ಅಸಿಟಿಕ್ ಆಮ್ಲ ಚರ್ಮ ಸುಟ್ಟರೂ ದುರ್ಬಲ ಆಮ್ಲವೇ. ಎಷ್ಟು ಪಾಲು ಒಡೆಯುತ್ತದೆ ಎಂಬುದು ಬೇರೆ, ಎಷ್ಟು ಅಪಾಯ ಎಂಬುದು ಬೇರೆ. ಹೈಡ್ರೋಫ್ಲೋರಿಕ್ ಆಮ್ಲವನ್ನೇ ನೋಡಿ. ಪುಸ್ತಕದಲ್ಲಿ ಅದು ದುರ್ಬಲರ ಪಟ್ಟಿಯಲ್ಲಿದೆ. ಆದರೆ ಗಾಜನ್ನೇ ಕೊರೆಯುತ್ತದೆ, ಹಾಗಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತಾರೆ. ಚರ್ಮದೊಳಗೆ ಇಳಿದರೆ ಅದರ ಫ್ಲೋರೈಡ್ ಮೈಯೊಳಗಿನ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಆ ಆಮ್ಲ ಬಳಸುವ ಕಡೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಂತೆ ಇಟ್ಟಿರುತ್ತಾರೆ.